ಬಾಗಿಲಿಗೆ ಒರೆಸಿದ ಸುಣ್ಣ

ಶಿವಶಂಕರ ಎರಡನೇ ಸಲ ಫೋನು ಮಾಡಲು ಹೊರಟಾಗ ಸಹನ ಕಿಟಕಿಯ ಬಳಿ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದಳು. ಆ ಮನೆಯ ಗೋಡೆಗೆ ಕೂರಿಸಿದ್ದು ಯಾವುದೋ ಕಾಲದ ಸರ್ಕಾರಿ ಬಸ್ಸಿನ ಕಿಟಕಿ. ಗಾಜಿನ ಕೆಳಗಿನ ತಗಡಿನ ಮೇಲೆ ‘ಕೈ ತಲೆ ಹೊರಗೆ ಹಾಕಬಾರದು’ ಎಂದು ಬರೆದದ್ದು ಮುಕ್ಕಾಲು ಅಳಿಸಿಹೋಗಿ ‘ಹಾಕಬಾರದು’ ಎಂಬುದು ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ಕೆರೆಯ ಏರಿಯ ಮೇಲೆ ಅವನು ನಡೆದು ಹೋಗುವ ರೀತಿಯಲ್ಲಿ ಏನೋ ಉಲ್ಲಾಸವಿತ್ತು. ಕಾಲಿಗೆ ಸಿಕ್ಕ ಕಲ್ಲೊಂದನ್ನು ಸ್ಕೂಲಿಗೆ ಹೋಗುವವನ ಹಾಗೆ ಒದ್ದ. ಮದುವೆಯಾಗಿ ಎರಡು ವರ್ಷ, ಅವನು ಕಲ್ಲು ಒದೆಯುವುದನ್ನು ಅವಳು ನೋಡಿರಲಿಲ್ಲ. ಮಧ್ಯಾಹ್ನ ಬಸ್ಸಿಳಿದ ಕೂಡಲೇ ಒಂದು ಸಲ ಫೋನಿನ ಅಂಗಡಿಗೆ ಹೋಗಿದ್ದ. ಅವಳು ಕೇಳದಿದ್ದರೂ, ಕಾಲೇಜಿಗೆ, ಸೋಮವಾರದ ಕ್ಲಾಸಿನ ವಿಷಯ ಅಂದಿದ್ದ. ಈಗ ಶನಿವಾರ ಸಂಜೆ ಐದು ಗಂಟೆ. ಐದು ಗಂಟೆಗೆ ಕಾಲೇಜಿನಲ್ಲಿ ಫೋನು ಎತ್ತಲು ಯಾರು ಕೂತಿರುತ್ತಾರೆ? ಕೇಳಬಹುದಿತ್ತು. ಆದರೆ ತಾನು ಒಂದು ಕೇಳಿದರೆ ಅವನು ತಿರುಗಿ ಇನ್ನೊಂದು ಕೇಳಿಯಾನು ಎಂಬ ಹೆದರಿಕೆ ಅವಳಿಗೆ ಮದುವೆಯ ದಿನದಿಂದಲೂ ಇತ್ತು. ಹಾಗಾಗಿ ಮೈಸೂರಿನ ಅವರ ಮನೆಯಲ್ಲಿ ಪ್ರಶ್ನೆಗಳು ಕಡಿಮೆ. ಜೊತೆಯಲ್ಲಿ ಓದಿದ ಸ್ನೇಹಿತೆಯರು ಎಷ್ಟು ಅನ್ಯೋನ್ಯ ನೀವಿಬ್ಬರೂ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು.

ಇಲ್ಲಿಗೆ ಬರುವುದೂ ಅವನದೇ ಯೋಚನೆ. ಅವನ ಕಾಲೇಜಿನ ಹತ್ತಿರದ ಚಿತ್ರಶಾಲೆಯಲ್ಲಿ ಕಲಿಸುವ ಹೊನ್ನಪ್ಪ ಮೇಷ್ಟ್ರು ಸಿಂಧಘಟ್ಟದ ಕೆರೆಯ ಮಗ್ಗುಲಲ್ಲಿ ಒಂದು ಪುಟ್ಟ ಮನೆ ಕಟ್ಟಿದ್ದಾರೆ, ಒಂದೇ ಒಂದು ಹೊಸ ಸಾಮಾನು ಕೊಂಡಿಲ್ಲವಂತೆ, ಬಿದ್ದ ಮನೆಗಳ ಮರ, ಒಡೆದ ಹೆಂಚು, ಗುಜರಿ ಕಬ್ಬಿಣ, ಇಷ್ಟರಲ್ಲೇ ಎಬ್ಬಿಸಿದ್ದಾರಂತೆ, ಬೇಕಾದವರು ಎರಡು ದಿನ ಇದ್ದು ಬರಬಹುದಂತೆ. ಅವನು ಹೇಳುವಾಗ ಅವಳು ಅವರೆಕಾಳು ಹಿಚುಕುತ್ತಿದ್ದಳು. ಹೆಂಡತಿಯನ್ನು ಕರೆದುಕೊಂಡು ಊಟಿಗೆ ಹೋಗುತ್ತಾರೆ, ಮಡಿಕೇರಿಗೆ ಹೋಗುತ್ತಾರೆ. ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಕೃಷ್ಣರಾಜಪೇಟೆಯ ಕಡೆಗೆ ಯಾರು ಬರುತ್ತಾರೆ? ಅದೂ ಕಿಕ್ಕೇರಿಯ ಆಚೆಗೆ ಅವಳ ಅಜ್ಜಿಯ ಊರು ಇರುವಾಗ, ಆ ಊರಿಗೆ ಅವಳು ಐದು ವರ್ಷಗಳಿಂದ ಕಾಲಿಟ್ಟಿಲ್ಲವೆಂದು ಅವನಿಗೆ ಗೊತ್ತಿರುವಾಗ? ಬಸ್ಸಿನಲ್ಲಿ ಅವಳು ಕಬ್ಬಿನ ಗದ್ದೆಗಳನ್ನು ನೋಡುತ್ತ ಬಂದಳು. ಆಲೆಮನೆಯ ಹೊಗೆ ರಸ್ತೆಗೆ ಅಡ್ಡಲಾಗಿ ಬಿದ್ದುಕೊಂಡಿತ್ತು. ಬೆಲ್ಲದ ವಾಸನೆಗೆ ಶಿವಶಂಕರ ಮೂಗರಳಿಸಿ ಅವಳ ಮುಖ ನೋಡಿ ನಕ್ಕ. ಆ ನಗು ಏನನ್ನೋ ಕೈಯಲ್ಲಿ ಮುಚ್ಚಿಟ್ಟುಕೊಂಡವರ ನಗು ಅನ್ನಿಸಿ ಅವಳು ಕಿಟಕಿಯ ಕಡೆ ತಿರುಗಿದ್ದಳು.

“ಬನ್ರವ್ವ, ಯಜಮಾನ್ರು ಬರಗಂಟ ಎಲ್ಲಾನೂವೆ ತೋರುಸ್ತೀನಿ,” ಎಂದು ಮಂಚಮ್ಮ ಕೂಗಿದಳು. ಮನೆ ನೋಡಿಕೊಳ್ಳುವವಳು ಅವಳು, ಅಡಿಗೆಯೂ ಅವಳದೇ. ಐವತ್ತು ದಾಟಿದ, ಸೆರಗನ್ನು ಸೊಂಟಕ್ಕೆ ಬಿಗಿದ, ಬಾಯಿ ಸುಮ್ಮನಿರದ ಹೆಂಗಸು. “ಮೇಷ್ಟ್ರು ಏಳವ್ರೆ, ಬಂದೋರ್ಗೆ ಒಂದೊಂದರ ಕತೇನೂ ಏಳ್ಬೇಕು ಅಂತ. ನಂಗೆ ಬಾಯಿಪಾಠ. ಈ ಮಂಚ ಐತಲ್ಲ, ಇದು ಎತ್ತಿನ ಗಾಡಿ. ಮೂಕಿ, ಅಚ್ಚು ಎಲ್ಲಾ ಸೇರ್ಸಿ ಮಾಡಿರೋದು. ನೆಮ್ದಿಯಾಗಿ ಮನೀಕಳಿ, ಎಲ್ಲಿಗೂ ಓಗಕಿಲ್ಲ.” ತಾನೇ ನಕ್ಕು ಮುಂದೆ ನಡೆದಳು. “ಈ ದೀಪ ನೋಡಿ, ಸೇರು. ರಾಗಿ ಅಳೀತಿದ್ದ ಸೇರು. ತೂತ ಮಾಡಿ ಬಲ್ಬು ಮಡಗವ್ರೆ. ನಮ್ಮ ಯಜಮಾನ ದ್ಯಾವಯ್ಯ ಅಂದ, ಸಾರ್, ಸೇರ್ಗೆ ತೂತ ಮಾಡುದ್ರೆ ಮನೇಲಿ ರಾಗಿ ನಿಂತಾದಾ ಅಂತ. ಮೇಷ್ಟ್ರು ನಗ್ತಾರೆ. ಅವ್ರೇನು, ಚಪಾತಿ ಉಣ್ಣೋರು.” ಪಾಂಡವಪುರದ ಗುಜರಿಯಿಂದ ತಂದ ಕಬ್ಬಿಣದ ಕೊಳವೆಗಳು ಕಂಬವಾಗಿದ್ದವು. ಬಚ್ಚಲಲ್ಲಿ ನೀರು ತುಂಬುವ ತೊಟ್ಟಿ ಆಲೆಮನೆಯ ಕೊಪ್ಪರಿಗೆ. ಗೋಲಿ ಸೋಡದ ಬಾಟಲಿಗಳನ್ನು ಗೋಡೆಯಲ್ಲಿ ಅಡ್ಡಡ್ಡ ಹುದುಗಿಸಿದ್ದರು, ಇಳಿಬಿಸಿಲು ಅವುಗಳ ಕಂಠದಲ್ಲಿ ಸಿಕ್ಕಿಕೊಂಡು ಹಸಿರಾಗಿ ನಡುಗುತ್ತಿತ್ತು. ಎಲ್ಲವೂ ಚೆಂದವಾಗಿಯೇ ಇತ್ತು. ಆದರೆ ಸಹನಳ ಕಣ್ಣಿಗೆ ಬೇರೆಯೇ ಕಂಡಿತು. ಬೇರೆ ಬೇರೆ ಊರುಗಳಿಂದ ಕರೆಸಿಕೊಂಡ ಸಾಕ್ಷಿಗಳು ಬೆನ್ನು ಗೋಡೆಗೆ ಒರಗಿಸಿ ತಮ್ಮ ಸರದಿಗೆ ಕಾಯುತ್ತ ಕೂತಿರುವಂತೆ, ಕರೆಸಿದವರು ಮಾತ್ರ ಇನ್ನೂ ಬಂದಿಲ್ಲವೆಂಬಂತೆ.

ದೀಪ ಹಚ್ಚುವ ಹೊತ್ತಾಗಿ ಮಂಚಮ್ಮ ಹೊಸ್ತಿಲಿಗೆ ನೀರು ಚಿಮುಕಿಸಿ, ಬಾಗಿಲನ್ನು ಅರ್ಧ ಮುಂದಕ್ಕೆ ತಳ್ಳಿ, ಕೈದೀಪವನ್ನು ಚೌಕಟ್ಟಿನ ಒಳಮೈಗೆ ಹಿಡಿದಳು. “ಇದೇ ಕಣವ್ವ ಎಲ್ರೂ ಫೋಟ ಇಡ್ಕಳೋದು. ಮೊದ್ಲಿನ ಕಾಲ್ದೋರು ಯಾರೋ ಬರ್ದಿರೋ ಚಿತ್ರವಂತೆ. ಮಳೆ ಉಯ್ಯೋದು ಅಂತಾರೆ ಮೇಷ್ಟ್ರು. ಅಳಿಸ್ದಂಗೆ ಮೇಲೆ ವಾರ್ನೀಸು ಒಡ್ಸವ್ರೆ. ನನ್ನ ಕಣ್ಗೇನೋ ಸುಣ್ಣ ಒರೆಸ್ದಂಗೆ ಕಾಣ್ತದೆ. ಏಳಿದ್ರೆ ನಗ್ತಾರೆ ಅಂತ ಸುಮ್ಕಿವ್ನಿ.”

ಕೂತ ಮನುಷ್ಯರ ಭುಜದ ಎತ್ತರದಲ್ಲಿ, ಹಲಸಿನ ಮರದ ಕಂದು ಮೈಯಲ್ಲಿ, ನೂರಾರು ಬಿಳಿ ಗೀಟುಗಳು. ಮೇಲಿನಿಂದ ಶುರುವಾಗಿ ಕೆಳಗೆ ಬರುತ್ತ ತೆಳ್ಳಗಾಗಿ, ಕೊನೆಯಲ್ಲಿ ಸ್ವಲ್ಪ ಬಲಕ್ಕೆ ಬಾಗಿ ನಿಲ್ಲುವ ಗೀಟುಗಳು. ಒಂದರ ಮೇಲೊಂದು, ಒಂದರ ಮೇಲೊಂದು. ತೋರುಬೆರಳಿನ ಮೊದಲ ಗೆಣ್ಣು ಸೊಟ್ಟಗಿದ್ದವರು ಮಾತ್ರ ಹಾಗೆ ಎಳೆಯಲು ಸಾಧ್ಯ. ಸಹನ ತಲೆಯೆತ್ತಿ ನೋಡಿದಳು. ಮೇಲಿನ ಅಡ್ಡಪಟ್ಟಿಯಲ್ಲಿ ಎರಡು ಗಿಳಿ, ಎಡಗಡೆಯದಕ್ಕೆ ಕೊಕ್ಕಿಲ್ಲ. ಮಧ್ಯಾಹ್ನ ಒಳಗೆ ಬರುವಾಗಲೇ ಆ ಗಿಳಿಗಳನ್ನು ಕಂಡಿದ್ದಳು. ಗಿಳಿ ಎಲ್ಲ ಬಾಗಿಲಲ್ಲೂ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಕೊಕ್ಕನ್ನು ನೋಡದೆ ಒಳಗೆ ಬಂದಿದ್ದಳು.

“ಎಲ್ಲಿಂದ ತಂದದ್ದು ಇದು?” ದನಿ ತನ್ನದಲ್ಲವೆನ್ನಿಸಿತು.

“ಅಯ್ಯೋ, ಇದರ ಕತೆ ದೀಪ ಅಚ್ಚೋ ಒತ್ನಲ್ಲಿ ಏಳೋದಲ್ಲ ಬುಡಿ. ನಾಳೀಕ್ ಏಳ್ತೀನಿ.”

ಅಜ್ಜಿ ಬೆಟ್ಟಮ್ಮ ಕತೆ ಹೇಳುತ್ತಿದ್ದದ್ದು ಆ ಹೊಸ್ತಿಲ ಪಕ್ಕದಲ್ಲೇ ಕೂತು. ಎಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ನೋಡದೆಯೇ ಹಿಂದಕ್ಕೆ ಕೈ ಚಾಚಿ ಚೌಕಟ್ಟಿಗೆ ಒರೆಸುವಳು. ಸೊಸೆ ಸೋಮಮ್ಮ ಪ್ರತಿ ಹಬ್ಬಕ್ಕೂ ಉಜ್ಜಿ ಉಜ್ಜಿ ಸಾಕಾಗಿ ಬಿಟ್ಟುಬಿಟ್ಟಿದ್ದಳು. ಒಂದೂರಿನ ದೊರೆ ಮಗಳು ಆಡಬೇಕಾದ ಮಾತೊಂದನ್ನು ನುಂಗಿಬಿಟ್ಟಳಂತೆ. ನುಂಗಿದ್ದು ಹೊಟ್ಟೆಯಲ್ಲಿ ಬೀಜವಾಗಿ ನೋವು ಕೊಡೋಕೆ ಶುರುವಾಯ್ತಂತೆ. ಹಿತ್ತಿಲಲ್ಲಿ ಉಗಿದಳಂತೆ. ಉಗಿದಲ್ಲಿ ಹಲಸಿನ ಮರವಾಯ್ತಂತೆ. ಬಡಗಿ ಬಂದು ಕಡಿದು ಬಾಗಿಲು ಮಾಡಿದನಂತೆ. ಆ ಬಾಗಿಲು ತೆಗೆದಾಗಲೆಲ್ಲ ಆ ಮಾತನ್ನೇ ಆಡುತ್ತಿತ್ತಂತೆ. “ಏನು ಮಾತಜ್ಜಿ?” ಎಂದು ಕೇಳಿದರೆ ಅಜ್ಜಿ ಕೈ ಹಿಂದಕ್ಕೆ ಚಾಚಿ ಸುಣ್ಣ ಒರೆಸಿ, “ಅದು ನುಂಗಿದೋಳ್ಗೇ ಗೊತ್ತು ಕಣ್ ಮಗ,” ಅನ್ನುತ್ತಿದ್ದಳು. ಎಷ್ಟು ಸಲ ಕೇಳಿದರೂ ಅಷ್ಟೇ. ಕತೆಗಳಲ್ಲಿ ಹೀಗೆ ಕಳೆದುಹೋಗುವ ಹುಡುಗಿ ಎಂದು ಎಲ್ಲರೂ ಸಹನಳನ್ನು ಹಾಸ್ಯ ಮಾಡುತ್ತಿದ್ದರು. ಎದುರಿಗೆ ನಿಂತು ಕೂಗಿದರೂ ಕೇಳಿಸದು, ಕೇಳಿಸಿದರೂ ಬರುವುದು ಅರ್ಧ ಗಂಟೆಗೆ. ಅದನ್ನು ಅವಳೂ ತನ್ನೊಂದು ಒಡವೆಯೆಂದು ತಿಳಿದಿದ್ದಳು, ಇಪ್ಪತ್ತು ವರ್ಷ ತುಂಬುವವರೆಗೆ.

ಶಿವಶಂಕರ ಹಿಂತಿರುಗಿದಾಗ ಅವಳು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. “ಮನೆಯೆಲ್ಲ ನೋಡಿದೆಯಾ? ಏನನ್ನಿಸಿತು?” ಎಂದ. ಚೆನ್ನಾಗಿದೆ ಅಂದಳು. “ಯಾವುದು ತುಂಬ ಚೆನ್ನಾಗಿದೆ?” ಅವನ ಕಣ್ಣು ಒಂದು ಕ್ಷಣ, ಒಂದೇ ಕ್ಷಣ, ಬಾಗಿಲ ಕಡೆ ಹೋಗಿ ಬಂತು. ಅವಳು ಅದನ್ನು ಕಂಡಳು. “ಕೊಪ್ಪರಿಗೆ,” ಅಂದಳು. ಅವನ ಮುಖ ಸ್ವಲ್ಪ ಸಪ್ಪಗಾಯಿತು. ಇವನಿಗೆ ಗೊತ್ತಿದೆ. ಎಷ್ಟು ಗೊತ್ತಿದೆ ಎಂಬುದಷ್ಟೇ ಪ್ರಶ್ನೆ. ಇತಿಹಾಸ ಓದಿದವನು, ಒಂದು ಕಲ್ಲಿನ ಮೇಲಿನ ಎರಡು ಅಕ್ಷರ ಹಿಡಿದು ಯಾರು ಯಾವಾಗ ಹೇಗೆ ಸತ್ತರು ಎಂದು ಹೇಳುವವನು. ಊಟ ಮಾಡುವಾಗ ಅವನು ಮುದ್ದೆ ಮುರಿಯುತ್ತ ನಾಳೆ ಎಷ್ಟು ಹೊತ್ತಿಗೆ ಬಿಸಿಲು ಬಾಗಿಲಿಗೆ ಬೀಳುತ್ತದೆ ಎಂದು ಮಂಚಮ್ಮನನ್ನು ಕೇಳಿದ. ಯಾಕೆ ಕೇಳಿದ? ಕ್ಯಾಮೆರಾ ತಂದಿದ್ದೇನೆ ಅಂದ. ಸಹನ ಹುರುಳಿಕಟ್ಟಿನ ಸಾರನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದಳು.

ಬೆಳಿಗ್ಗೆ ಎದ್ದವಳು ಮುಂಬಾಗಿಲಿಗೆ ಹೋಗಲಿಲ್ಲ. ಅಡಿಗೆಮನೆಯ ಹಿಂಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿಕೊಂಡು ಜಗಲಿಗೆ ಬಂದು ಕೂತಳು. ಮಂಚಮ್ಮ ಒಂದು ಮೊರ ಅವರೆಕಾಯಿ ತಂದು ಇಬ್ಬರ ನಡುವೆ ಸುರಿದಳು. ಶಿವಶಂಕರ ಕೆರೆಯ ಕಡೆ ಹೋಗಿದ್ದ. ಸಹನ ಒಂದು ಕಾಯಿ ಸುಲಿದು, ಎರಡು ಸುಲಿದು, ಮೂರನೆಯದಕ್ಕೆ, “ಬಾಗಿಲ ಕತೆ ಹೇಳ್ತೀನಿ ಅಂದಿದ್ರಲ್ಲ,” ಎಂದಳು.

“ಅದಾ? ಅದು ಮನೆ ಬುಟ್ಟೋರ ಬಾಗ್ಲು ಕಣವ್ವ. ಕಿಕ್ಕೇರಿ ಕಡೇದು. ಮುದ್ಕಿ ಕೆಟ್ಟ ನಕ್ಷತ್ರದಲ್ಲಿ ಓಯ್ತಂತೆ. ಆರು ತಿಂಗ್ಳು ಮನೆ ಬುಡ್ಬೇಕಾದ ನಕ್ಷತ್ರ. ಬಾಗ್ಲಿಗೆ ಮುಳ್ಳು ಬಡ್ದು, ಒಲೆ ಆರ್ಸಿ, ಮಗ ಸೊಸೆ ಪ್ಯಾಟೆಗೆ ಬಂದು ಬಾಡ್ಗೆಗೆ ಇದ್ರಂತೆ. ಆರು ತಿಂಗ್ಳಲ್ಲಿ ಮುಂಗಾರೆಲ್ಲಾ ಬಂದೋಯ್ತು. ಒಲೆ ಉರೀದಿದ್ ಮನೆ ನಿಂತಾದಾ? ಇಂದ್ಲ ಗೋಡೆ ಕೂತ್ಕತು. ಆಮೇಕೆ ತಿರ್ಗಿ ಓಗೇ ಇಲ್ಲ ಅವ್ರು. ಮರ ಎಲ್ಲಾ ಓಯ್ತು, ಈ ಬಾಗ್ಲ ಮಾತ್ರ ಯಾರೂ ಮುಟ್ನಿಲ್ಲ. ನಮ್ಮೆಜಮಾನನೇ ಟ್ರಾಕ್ಟ್ರಲ್ಲಿ ತಂದಿದ್ದು. ಆ ಮಗ, ಪಾಪ, ಪುಗಸಟ್ಟೆ ಕೊಟ್ಟವ್ನೆ. ತಕ್ಕೊಂಡೋಗಿ, ಒಲೆಗಾದ್ರೂ ಆಕ್ಕಳಿ ಅಂದ್ನಂತೆ. ಅಂದ್ಬುಟ್ಟು ಟ್ರಾಕ್ಟ್ರಿಂದೆ ಊರ ಗಡಿ ಗಂಟ ನಡ್ಕ ಬಂದ್ನಂತೆ.”

“ನಿಮಗೆ ಹೆದರಿಕೆ ಆಗಲ್ವಾ?”

“ನಮ್ಗೇನವ್ವ! ಇಂಥ ಬಾಗ್ಲಲ್ಲಿ ನಮ್ಮನ್ನ ಯಾರು ಒಳೀಕೆ ಬುಟ್ಟಿದ್ರು ಮೊದ್ಲು? ನಮ್ಮತ್ತೆ ಸಾಯಗಂಟ ಜಗಲಿ ತಾವ್ಲೇ ನಿಂತ್ಕಂಡು ಕೂಲಿ ಇಸ್ಕಂಡ್ಳು. ಈಗ ದಿನುಕ್ ಇಪ್ಪತ್ ಸತಿ ದಾಟ್ತೀನಿ. ದೆವ್ವ ಬಂದ್ರೆ ಮುದ್ಕಿದು ತಾನೆ ಬರ್ಬೇಕು? ಬಂದು ಸುಣ್ಣ ಕೇಳ್ತದೆ, ಕೊಡಾನ ಬುಡಿ.” ಮಂಚಮ್ಮ ಸಿಪ್ಪೆಯನ್ನು ಅಂಗಳಕ್ಕೆ ಎಸೆದಳು. “ತಪ್ಪೆಲ್ಲಾ ಸೊಸೇದಂತೆ ಕಣವ್ವ. ಸಾಯೋ ಜೀವ ಬುಟ್ಟು ಮೇವು ತರಕ್ಕೆ ಓಗಿದ್ಲಂತೆ. ಕೂತು ಕಾದಿದ್ರೆ ಒಳ್ಳೆ ಗಳಿಗೇಲಿ ಓಯ್ತಿತ್ತು ಜೀವ, ಸೊಸೇನ ಎದುರ್ನೋಡಿ ನೋಡಿ ತಡ ಮಾಡ್ತು ಅಂತ ಜನ ಆಡ್ಕತಾರೆ.”

ಒಂದು ಕಾಳು ಸಹನಳ ಬೆರಳಿನಿಂದ ಜಾರಿ ಹೊಸ್ತಿಲ ಕಡೆಗೆ ಉರುಳಿತು. ಐದು ವರ್ಷದ ಹಿಂದೆ, ಮೇ ತಿಂಗಳು, ಪರೀಕ್ಷೆ ಮುಗಿಸಿ ಅಜ್ಜಿಯ ಊರಿಗೆ ಬಂದಿದ್ದಳು. ಅಜ್ಜಿ ಮೂರು ದಿನದಿಂದ ಗಂಜಿಯನ್ನೂ ಮುಟ್ಟಿರಲಿಲ್ಲ, ಎಲೆಗೆ ಸುಣ್ಣ ಹಚ್ಚುವುದನ್ನು ಮಾತ್ರ ಬಿಟ್ಟಿರಲಿಲ್ಲ. “ಒಂದ್ಗಳಿಗೆ ನೋಡ್ಕೊ ಮಗ, ದನುಕ್ಕೆ ಒಂದೊರೆ ಮೇವು ತಕ್ಕಬತ್ತೀನಿ,” ಎಂದು ಸೋಮತ್ತೆ ಕುಡುಗೋಲು ಹಿಡಿದು ಹೋದಳು. ಅಜ್ಜಿಯ ಮಗ ಚಿಕ್ಕಸ್ವಾಮಿ ಮಾವ ಗದ್ದೆಯಲ್ಲಿದ್ದ. ಪಡಸಾಲೆಯ ಮಂಚದ ಮೇಲೆ ಅಜ್ಜಿ, ಹೊಸ್ತಿಲ ಮೇಲೆ ಇವಳು, ಬೆನ್ನು ಸುಣ್ಣದ ಗೀಟುಗಳಿಗೆ. ಅಂಗಳದ ಬಿಸಿಲು ನೀರಿನಂತೆ ಅಲುಗುತ್ತಿತ್ತು. ಅವಳು ಆ ನೀರಲ್ಲಿ ಒಂದು ದೋಣಿ ಬಿಟ್ಟು, ದೋಣಿಯಲ್ಲಿ ಕೂತು, ಆಚೆ ದಡದಲ್ಲಿ ಯಾರೋ ನಿಂತು ಕೈ ಬೀಸುವಂತೆ ಮಾಡಿಕೊಂಡು, ಆ ಯಾರೋ ಯಾರು ಎಂದು ತೀರ್ಮಾನಿಸಲಾಗದೆ ಹುಟ್ಟು ಹಾಕುತ್ತಿದ್ದಳು. ಗಡಿಯಾರ ಎರಡು ಹೊಡೆಯಿತು. “ಸಹ್ನಾ, ನೀರು.” ಕೇಳಿಸಿತು. ಕೇಳಿಸಲಿಲ್ಲ ಎಂದು ಐದು ವರ್ಷಗಳಿಂದ ಹೇಳಿಕೊಳ್ಳಲು ನೋಡಿದ್ದಾಳೆ, ಆದರೆ ಕೇಳಿಸಿತು. ಯಾಕೆಂದರೆ ಅವಳು ಉತ್ತರ ಕೊಟ್ಟಿದ್ದಳು. “ಬಂದೆ,” ಅಂದಿದ್ದಳು. ದಡ ಇನ್ನೊಂದು ಮಾರು ದೂರದಲ್ಲಿತ್ತು. ಬಂದೆ ಅಂದದ್ದೇ ಹೋದಂತೆ ಅನ್ನಿಸಿ ಕಣ್ಣು ಮುಚ್ಚಿದಳು. ತೆರೆದಾಗ ಬಿಸಿಲು ಅಂಗಳ ದಾಟಿ ಹೋಗಿತ್ತು, ಗಡಿಯಾರ ನಾಲ್ಕು ಹೊಡೆಯುತ್ತಿತ್ತು, ಅಜ್ಜಿಯ ಬಾಯಿ ತೆರೆದಿತ್ತು. ತೋರುಬೆರಳ ತುದಿಯಲ್ಲಿ ಬೆಳಗಿನ ಸುಣ್ಣ ಒಣಗಿ ಬಿರಿದಿತ್ತು. ಆಗ ಓಡಿ ನೀರು ತಂದಳು. ತುಳಸಿ ಹಾಕಿ ಬಿಟ್ಟಳು. ನೀರು ಬಾಯೊಳಗೆ ನಿಂತು, ತುಂಬಿ, ಕೆನ್ನೆಯ ಮೇಲೆ ಹರಿದು ಕಿವಿಯ ಹಿಂದೆ ದಿಂಬಿಗೆ ಇಳಿಯಿತು. ಮಾವ ಬಂದಾಗ, “ಈಗ, ಈಗ ತಾನೇ, ನಾಲ್ಕು ಹೊಡೀವಾಗ. ನೀರು ಬಿಟ್ಟೆ ಮಾವ,” ಎಂದು ಅತ್ತಳು. ಅಳು ಮಾತ್ರ ಸುಳ್ಳಾಗಿರಲಿಲ್ಲ. ಪಂಚಾಂಗ ನೋಡುವ ಐನೋರು ಮೂರು ಸಲ ಹೊತ್ತು ಕೇಳಿದರು. ಮೂರು ಗಂಟೆಗೆ ಕಾಲು ಗಂಟೆ ಇರುವಾಗ ನಕ್ಷತ್ರ ಬದಲಾಗಿದೆ, ಅದಕ್ಕೆ ಮುಂಚೆ ಆಗಿದ್ದರೆ ಯಾವ ದೋಷವೂ ಇರಲಿಲ್ಲ, ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದರು. ಎಲ್ಲರೂ ಇವಳ ಕಡೆ ನೋಡಿದರು. ಇವಳು ಮಾವನ ಕಡೆ ನೋಡಿದಳು. ಮಾವ ನೆಲ ನೋಡುತ್ತ, “ನಾಲ್ಕು,” ಅಂದ.

“ಯಾಕವ್ವ, ಕಾಳು ಬುಟ್ಟು ಸಿಪ್ಪೆ ಮಡಗ್ತಾ ಇದ್ದೀರಿ?” ಮಂಚಮ್ಮ ಬೋಗುಣಿಯಿಂದ ಸಿಪ್ಪೆ ಆರಿಸಿ ತೆಗೆದಳು.

ಶಿವಶಂಕರ ಒದ್ದೆ ಕಾಲಲ್ಲಿ ಬಂದ. ಅವಳು ಎದ್ದು ಹಿಂಬಾಗಿಲ ಕಡೆ ಹೊರಟದ್ದನ್ನು ನೋಡಿ, “ಬೆಳಿಗ್ಗೆಯಿಂದ ಯಾಕೆ ಸುತ್ತಿಕೊಂಡು ಓಡಾಡ್ತಿದ್ದೀಯ?” ಎಂದ.

“ನೀವು ಯಾಕೆ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ್ರಿ?”

ಎರಡು ವರ್ಷದಲ್ಲಿ ಮೊದಲ ಪ್ರಶ್ನೆ. ಅವನು ಸಿಕ್ಕಿಬಿದ್ದವನಂತೆ ಕಿವಿ ಕೆಂಪಾಗಿಸಿಕೊಂಡು ನಕ್ಕ. “ಗೊತ್ತಾಗಿಬಿಡ್ತಾ? ಛೆ. ಹೊನ್ನಪ್ಪ ಮೇಷ್ಟ್ರು ಒಂದಿನ ಮಾತಾಡ್ತಾ ಈ ಬಾಗಿಲು ತಂದ ಊರಿನ ಹೆಸರು ಹೇಳಿದ್ರು. ವಿಚಾರಿಸಿದೆ, ನಿಮ್ಮಜ್ಜಿ ಮನೇದೇ ಅಂತ ಗೊತ್ತಾಯ್ತು. ನಿದ್ದೇಲಿ ಎಷ್ಟು ಸಲ ಅಜ್ಜಿ ಅಂತೀಯ ಗೊತ್ತಾ ನೀನು? ನೀನೇ ಕಂಡುಹಿಡೀಲಿ ಅಂತ ಸುಮ್ಮನಿದ್ದೆ. ಇನ್ನೂ ಒಂದಿದೆ. ನಿಮ್ಮ ಮಾವನಿಗೆ ಫೋನ್ ಮಾಡಿದ್ದೆ, ಎರಡು ಸಲ. ಮಧ್ಯಾಹ್ನ ಊಟಕ್ಕೆ ಬರ್ತಾರೆ. ಬಾಗಿಲ ಮುಂದೆ ನಿಮ್ಮಿಬ್ಬರದೂ ಒಂದು ಫೋಟೋ.”

ಇಷ್ಟೇ. ನಿದ್ದೆಯಲ್ಲಿ ಬೇರೆ ಇನ್ನೇನೇನು ಅಂದಿದ್ದೇನೆ ಎಂದು ಕೇಳಲು ಬಾಯಿ ಬರಲಿಲ್ಲ. ಅವನ ಮುಖದಲ್ಲಿ ಕಪಟ ಹುಡುಕಿ ಹುಡುಕಿ ಸೋತಾಗ, ಇಷ್ಟು ದಿನ ಆ ಕಪಟವೇ ತನಗೆ ಆಸರೆಯಾಗಿತ್ತೇನೋ ಅನ್ನಿಸಿ ಅವಳಿಗೆ ನಾಚಿಕೆಯಾಯಿತು. ಒಳ್ಳೆಯವನೊಬ್ಬ ಕೊಟ್ಟ ಉಡುಗೊರೆಯನ್ನು ಕೈಗೆ ತೆಗೆದುಕೊಳ್ಳಲಾಗದೆ ನಿಂತವಳನ್ನು ಮಂಚಮ್ಮ ಅವರೆ ಸಿಪ್ಪೆಯ ಆಚೆಯಿಂದ ನೋಡುತ್ತಿದ್ದಳು. ಆ ನೋಟ ಎಲ್ಲ ಲೆಕ್ಕ ಕೂಡಿಸಿ ಮುಗಿಸಿದಂತಿತ್ತು.

ಹನ್ನೆರಡೂವರೆಗೆ ಚಿಕ್ಕಸ್ವಾಮಿ ಮೊಪೆಡ್ಡಿನಲ್ಲಿ ಬಂದ. ತೆಳ್ಳಗಾಗಿದ್ದ. ಪೇಟೆಯಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾನೆಂದು ಗೊತ್ತಿತ್ತು. ಅಂಗಿಯ ತೋಳಿನಲ್ಲಿ ಆ ವಾಸನೆ. ಗದ್ದೆಯನ್ನು ಯಾರೋ ವಾರಕ್ಕೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಾರೆ. ಹ್ಯಾಂಡಲಿಗೆ ನೇತುಹಾಕಿದ್ದ ಚೀಲದಿಂದ ಒಂದು ಅಚ್ಚು ಬೆಲ್ಲ, ನಾಲ್ಕು ಬಾಳೆಹಣ್ಣು ತೆಗೆದು ಸಹನಳ ಕೈಗೆ ಕೊಟ್ಟ. “ನಿಮ್ಮತ್ತೆ ಬರ್ನಿಲ್ಲ ಕಣವ್ವ. ಬಾರೆ ಅಂದೆ. ನಂಗೆ ಆ ಬಾಗ್ಲು ನೋಡಕ್ಕಾಗಕಿಲ್ಲ ಅಂದ್ಲು. ಅವ್ಳಿಗೆ ಈಗ ಕಾಲು ನೋವು ಬೇರೆ.” ಶಿವಶಂಕರ ಕ್ಯಾಮೆರಾ ಹಿಡಿದು ಬಂದು, “ಬನ್ನಿ ಮಾವ, ಒಳಗೆ ಬನ್ನಿ,” ಎಂದ. ಚಿಕ್ಕಸ್ವಾಮಿ ಬಾಗಿಲ ಕಡೆ ನೋಡಿದ. ಕೊಕ್ಕಿಲ್ಲದ ಗಿಳಿಯನ್ನು ನೋಡಿದ. ಎಕ್ಕಡ ಬಿಚ್ಚಲಿಲ್ಲ. “ಇಲ್ಲೇ ಜಗ್ಲಿ ಮ್ಯಾಲೆ ತಣ್ಣಗದೆ. ಇಲ್ಲೇ ಕೂತ್ಕತೀನಿ ಬುಡಿ.” ಶಿವಶಂಕರ ಇನ್ನೊಂದು ಸಲ ಕರೆದ. ಮೂರನೆಯ ಸಲ ಕರೆಯುವಾಗ ಅವನ ದನಿ ಕುಂದಿತು. ತಾನು ಮಾಡಿದ್ದು ಏನೋ ತಪ್ಪಾಗಿದೆಯೆಂದು ಈಗ ಅವನಿಗೆ ಹೊಳೆಯತೊಡಗಿತ್ತು. ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತ, ಊಟಕ್ಕೆ ಏನಾಯಿತು ನೋಡುತ್ತೇನೆಂದು ಒಳಗೆ ಹೋದ.

ಜಗಲಿಯ ಮೇಲೆ ಇಬ್ಬರೇ ಉಳಿದರು. ಬಿಸಿಲು ಆಗಲೇ ಹೊಸ್ತಿಲಿನಿಂದ ಹಿಂದೆ ಸರಿದಿತ್ತು. ಮಾವ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೆರೆಯ ಕಡೆ ಮುಖ ಮಾಡಿದ್ದ. ಆ ಕೈಗಳು ಅಜ್ಜಿಯವೇ, ಬೆರಳ ಗೆಣ್ಣು ಅದೇ ರೀತಿ ಸೊಟ್ಟ. ಹೇಳಿದರೆ ಸೋಮತ್ತೆಯ ಮೇಲಿನ ಮಾತು ಕಳೆಯುತ್ತದೆ. ಐದು ವರ್ಷದ ಮಾತು, ಮದುವೆಮನೆಗಳಲ್ಲಿ ಅತ್ತೆ ಹಿಂದಿನ ಸಾಲಿಗೆ ಹೋಗಿ ಕೂರುವುದು, ಯಾರೂ ಕರೆಯದಿದ್ದರೂ ಪಾತ್ರೆ ತೊಳೆಯಲು ಏಳುವುದು. ಸಹನ ಬೆಲ್ಲದ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು, “ಮಾವ,” ಅಂದಳು. “ಅಜ್ಜಿ ಹೋಗಿದ್ದು ನಾಲ್ಕು ಗಂಟೆಗಲ್ಲ.”

ಅವನು ತಿರುಗಲಿಲ್ಲ. ಏರಿಯ ಮೇಲೆ ಕಬ್ಬಿನ ಗಾಡಿಯೊಂದು ಹೋಗುತ್ತಿತ್ತು, ಅದು ಹೋಗುವವರೆಗೂ ನೋಡಿದ.

“ಗೊತ್ತು ಕಣವ್ವ.”

“ನಿಮಗೆ...”

“ಬಂದು ಕೈ ಇಡ್ಕಂಡೆ. ತಣ್ಣಗಿತ್ತು. ಬೆಳ್ಳು ಮಡಿಸ್ದ್ರೆ ಮಡೀನಿಲ್ಲ. ಎಷ್ಟು ದನಕರ ಸತ್ತಿದ್ದ ನೋಡಿವ್ನಿ, ಎಷ್ಟು ಜನರ ಎತ್ತಿವ್ನಿ. ಎರಡೋ, ಎರಡೂಕಾಲೋ ಆಗಿರ್ಬೇಕು ಅಂದ್ಕಂಡೆ.”

“ಮತ್ತೆ ಐನೋರಿಗೆ ನಾಲ್ಕು ಅಂದಿದ್ದು?”

“ಎರಡು ಅಂದಿದ್ರೆ ಮನೆ ಉಳೀತಿತ್ತು,” ಎಂದ. ಕೋಪವಿರಲಿಲ್ಲ, ಇಂಥ ಗದ್ದೆಗೆ ಇಷ್ಟು ಗೊಬ್ಬರ ಎಂದು ಅಂಗಡಿಯಲ್ಲಿ ಹೇಳುವವನ ದನಿ. “ಆದ್ರೆ ನೀನು ನಾಲ್ಕ್ ಗಂಟೇಲಿ ನೀರು ಬುಟ್ಟೆ ಅಂದ್ಬುಟ್ಟಿದ್ದೆ, ಅಷ್ಟು ಜನದ ಮುಂದೆ. ಎರಡು ಗಂಟೇಲಿ ಓದೋಳ ಬಾಯ್ಗೆ ನಾಲ್ಕ್ ಗಂಟೇಲಿ ನೀರು ಬುಟ್ರು ಅಂತ ಆಯ್ತಿತ್ತು. ನಮ್ಮವ್ವ ಬಾಯಾರ್ಕಂಡು ಓದ್ಲು ಅಂತ ಆಯ್ತಿತ್ತು. ಮನೆ ಓದ್ರೆ ಓಗ್ಲಿ ಅಂದ್ಕಂಡೆ. ನಿಮ್ಮತ್ತೆಗೂ ಏಳ್ಲಿಲ್ಲ. ಏಳಿದ್ರೆ ಅವ್ಳು ಬುಡ್ತಿದ್ಲಾ? ಈಗ ಕಾಲು ನೋವು ಅಂತಾಳೆ. ನಂಗೊತ್ತು ಏನು ನೋವು ಅಂತ.”

ಒಳಗಿನಿಂದ ಸಾರಿನ ಒಗ್ಗರಣೆಯ ಸದ್ದು ಬಂತು. ಮಂಚಮ್ಮ ಏನೋ ಹೇಳಿ ತಾನೇ ನಕ್ಕಳು. ಚಿಕ್ಕಸ್ವಾಮಿ ಮೊದಲ ಬಾರಿಗೆ ಅವಳ ಕಡೆ ತಿರುಗಿದ. ಕಣ್ಣಿನ ಸುತ್ತ ಸುಕ್ಕು ಬಿದ್ದಿತ್ತು, ಆದರೆ ಕಣ್ಣು ಕೇಳುತ್ತಿದ್ದ ರೀತಿ ಹತ್ತು ವರ್ಷದ ಮಗುವಿನದು.

“ಒತ್ತು ಎಷ್ಟಾರಾ ಆಗ್ಲಿ ಬುಡು. ದಿಂಬು ಒದ್ದೆಯಾಗಿತ್ತು, ನೋಡ್ದೆ ನಾನು. ಎರಡು ಗಂಟೇಲೇ ಬುಟ್ಟಿರ್ತೀಯ, ಎಣ್ಣು ಮಗ, ಎದ್ರುಕಂಡು ಯಾರ್ಗೂ ಏಳ್ದೆ ನಾಕ್ ಗಂಟೆ ಗಂಟ ಕೂತಿರ್ತೀಯ, ಅಂತ ಅಂದ್ಕಂಡಿವ್ನಿ. ಅಷ್ಟೊಂದು ಚೆಲ್ಲಿತ್ತಲ್ಲ. ಚೆಲ್ಲೋಗ್ಲಿ. ಒಂದ್ ಗುಟುಕಾರಾ ಒಳೀಕೆ ಇಳೀತಾ ಮಗ?”

ಅವಳು ಆ ಬಾಯಿಯನ್ನು ಕಂಡಳು. ತುಂಬಿ ನಿಂತ ನೀರು, ಅದರಲ್ಲಿ ತೇಲಿದ ತುಳಸಿ ಎಲೆ, ಒಂದು ಚೂರೂ ಅಲುಗದ ಗಂಟಲು. ನಿಜ ಹೇಳಬೇಕೆಂದೇ ಅವಳು ಮಾವ ಅಂದದ್ದು. ನಿಜ ಈಗ ಬಾಯಲ್ಲೇ ಇತ್ತು, ಹಲ್ಲಿನ ಹಿಂದೆ, ಬಿಟ್ಟರೆ ಸಾಕು. ಬಿಟ್ಟರೆ ಸ್ವಲ್ಪ ಹಗುರಾಗುವವಳು ತಾನು. ಈ ಮನುಷ್ಯ ಒಂದು ಮನೆ ಕೊಟ್ಟು ಕೊಂಡ ಒಂದು ಗುಟುಕು ನೀರು ಅದು.

“ಇಳೀತು ಮಾವ,” ಅಂದಳು. “ಎರಡು ಗುಟುಕು.”

ಚಿಕ್ಕಸ್ವಾಮಿ ಅವಳನ್ನು ನೋಡಿದ. ಅವಳಿಗೆ ಆ ನೋಟದಿಂದ ಏನೂ ತಿಳಿಯಲಿಲ್ಲ; ನಂಬಿದನೋ, ನಂಬಬೇಕೆಂದು ಐದು ವರ್ಷದ ಹಿಂದೆಯೇ ತೀರ್ಮಾನಿಸಿಕೊಂಡು ಈಗ ಬರಿದೇ ಇವಳ ಬಾಯಿಂದ ಕೇಳಿಸಿಕೊಂಡನೋ. ಆಮೇಲೆ ಎದ್ದ. ಎಕ್ಕಡ ಬಿಚ್ಚಿ ಜೋಡಿಸಿಟ್ಟ. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಒಳಗೆ ಕಾಲಿಡುವಾಗ ಅವನ ಕೈ ತಾನಾಗಿಯೇ ಹಿಂದಕ್ಕೆ ಚಾಚಿ ಚೌಕಟ್ಟಿನ ಒಳಮೈಯನ್ನು ಸವರಿತು, ಗೀಟುಗಳ ಮೇಲಿನ ನುಣುಪು ವಾರ್ನೀಸಿಗೆ ಬೆರಳು ಜಾರಿ, “ಇದ್ಯಾಕೆ ಇಂಗೆ ಜಾರ್ತದೆ?” ಎಂದು ಗೊಣಗಿದ. ಒಳಗೆ ಶಿವಶಂಕರನ ಸಂಭ್ರಮದ ದನಿ ಕೇಳಿಸಿತು, ಬನ್ನಿ ಮಾವ, ಕೂತ್ಕೊಳ್ಳಿ ಮಾವ, ಇದು ಎತ್ತಿನ ಗಾಡಿ, ಗಟ್ಟಿಯಾಗಿದೆ. ಸಹನ ಜಗಲಿಯಲ್ಲೇ ಇದ್ದಳು. ಬೆಲ್ಲ ಮಡಿಲಲ್ಲಿ ಕರಗಿ ಸೀರೆಗೆ ಅಂಟತೊಡಗಿತ್ತು. ತೆರೆದ ಬಾಗಿಲು ಸದ್ದಿಲ್ಲದೆ ನಿಂತಿತ್ತು. ಹೊನ್ನಪ್ಪ ಮೇಷ್ಟ್ರು ತಿರುಗಣಿಗೆ ಎಣ್ಣೆ ಬಿಡಿಸಿರಬೇಕು. ಅಜ್ಜಿಯ ಮನೆಯಲ್ಲಿ ಅದು ಪ್ರತಿ ಸಲವೂ ನರಳುತ್ತಿತ್ತು.

“ಸಹ್ನಾ, ನೀರು,” ಎಂದು ಒಳಗಿನಿಂದ ಮಾವ ಕೂಗಿದ.

“ನಾನು ತರ್ತೀನಿ ಇರಿ,” ಎಂದ ಶಿವಶಂಕರ. ಗಾಡಿಯ ಮಂಚ ಕಿರ್ರೆಂದಿತು.

“ನೀವು ಕೂತ್ಕಳಪ್ಪ. ಅವ್ಳು ತರ್ಲಿ.”

ಮೃದುವಾಗಿಯೇ ಅಂದ. ಅಷ್ಟು ಮೃದುವಾಗಿ ಅವನು ಎಂದೂ ಮಾತಾಡಿರಲಿಲ್ಲ. ಸಹನ ಮಡಿಲ ಬೆಲ್ಲವನ್ನು ಪಕ್ಕಕ್ಕಿಟ್ಟಳು. ಜಗಲಿಯ ಮೂಲೆಯಲ್ಲಿ ಮಂಚಮ್ಮ ತುಂಬಿಟ್ಟ ತಾಮ್ರದ ಬಿಂದಿಗೆ, ಅದರ ಮೇಲೆ ಬೋರಲಾಗಿ ಒಂದು ಚೊಂಬು. “ಬಂದೆ,” ಅನ್ನಲು ಹೊರಟು, ತುಟಿ ಆ ಮಾತಿನ ಆಕಾರಕ್ಕೆ ಬಂದದ್ದೇ ಅವಳು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಳು. ಎದ್ದಳು. ಚೊಂಬು ತುಂಬಿದಳು. ಹಿಂಬಾಗಿಲಿಗೆ ಸುತ್ತಿಕೊಂಡು ಹೋಗುವಷ್ಟು ಹೊತ್ತು ಅವಳ ಬಳಿ ಇರಲಿಲ್ಲ. ಅವಸರಕ್ಕೆ ಚೊಂಬು ತುಳುಕಿ ಒಂದಿಷ್ಟು ನೀರು ಹೊಸ್ತಿಲ ಮೇಲೆ ಚೆಲ್ಲಿತು. ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆಯ ಮೇಲೆ ಕಾಲಿಡದಂತೆ, ಅವಳು ದಾಟಿದಳು.